ಆಕಾಶದ ದಾರಿ, ಕಿವಿಯ ಎಚ್ಚರ

ನಮ್ಮ ಸಮಾಜದ ಮನೆಗಳಲ್ಲಿ ವಿಮಾನಯಾನವು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗ ಅಮೆರಿಕದಲ್ಲಿ, ಮಗಳು ದುಬೈಯಲ್ಲಿ, ಮಗಳ ಬಾಣಂತನಕ್ಕೆಂದು ಸೀರೆಯ ಸೆರಗಿನಲ್ಲಿ ಪಾಸ್‌ಪೋರ್ಟ್ ಕಟ್ಟಿಕೊಂಡು ಹೊರಟ ತಾಯಿ — ಇಂಥವರನ್ನು ಕಳುಹಿಸಲು ಊರಿಗೆ ಊರೇ ವಿಮಾನ ನಿಲ್ದಾಣದವರೆಗೆ ಹೋಗುವುದುಂಟು. ಬೀಳ್ಕೊಡಲು ಬಂದವರ ಮಾತಿನಲ್ಲಿ ವಿಮಾನದ ವಯಸ್ಸು ಬರುತ್ತದೆ, ಚಾಲಕನ ಅನುಭವ ಬರುತ್ತದೆ, ಮಳೆಗಾಳಿಗಳ ಭಯ ಬರುತ್ತದೆ. ಆದರೆ ಆ ವಿಮಾನ ಮೇಲೇರಿದ ಕ್ಷಣದಿಂದ ಇಳಿಯುವವರೆಗೆ ಅದನ್ನು ಕೈಯಿಂದ ಕೈಗೆ ದಾಟಿಸುತ್ತ, ಇತರ ವಿಮಾನಗಳಿಂದ ಅದನ್ನು ದೂರವಿರಿಸುತ್ತ ನೆಲದ ಮೇಲೆ ಕುಳಿತಿರುವ ವ್ಯಕ್ತಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಆತನನ್ನು ವಾಯು ಸಂಚಾರ ನಿಯಂತ್ರಕನೆಂದು ಕರೆಯುತ್ತಾರೆ. ಪ್ರಯಾಣಿಕನು ಆತನ ಮುಖವನ್ನು ಎಂದೂ ಕಾಣುವುದಿಲ್ಲ, ಧ್ವನಿಯನ್ನೂ ಕೇಳುವುದಿಲ್ಲ. ಈ ತಿಂಗಳು ಆತನ ಕಾಯಕವನ್ನು ಕುರಿತು ಕೊಂಚ ವಿಚಾರ ಮಾಡೋಣ.

ಆಕಾಶವು ವಿಶಾಲವಾದುದು, ಅಲ್ಲಿ ಎರಡು ವಿಮಾನಗಳು ಎದುರಾಗುವುದಾದರೂ ಹೇಗೆ ಎಂದು ಕೇಳುವವರಿದ್ದಾರೆ. ಆಕಾಶ ವಿಶಾಲವೇನೋ ನಿಜ. ವಿಮಾನಗಳು ನಡೆಯುವ ದಾರಿಗಳು ಮಾತ್ರ ಕಿರಿದು. ನಿಲ್ದಾಣಗಳು ಕೆಲವೇ ಇರುವುದರಿಂದ ಎಲ್ಲ ದಾರಿಗಳೂ ಅಲ್ಲಿಯೇ ಬಂದು ಕೂಡುತ್ತವೆ. ಆದ್ದರಿಂದ ಅಂತರವನ್ನು ಕಾಯುವ ನಿಯಮಗಳು ಬೇಕಾದವು. ಒಂದರ ಮೇಲೊಂದು ಹಾಯುವ ವಿಮಾನಗಳ ನಡುವೆ ಸಾಮಾನ್ಯವಾಗಿ 1,000 ಅಡಿ ಎತ್ತರದ ವ್ಯತ್ಯಾಸವಿರಬೇಕು. 29,000 ಅಡಿಗಿಂತ ಮೇಲೆ ಎತ್ತರವನ್ನು ಅಳೆಯುವ ಯಂತ್ರಗಳ ನಂಬಿಕೆ ಸಾಲದೆಂದು ಹಿಂದೆ 2,000 ಅಡಿ ಬಿಡುತ್ತಿದ್ದರು. ಯಂತ್ರಗಳು ಸುಧಾರಿಸಿದ ಮೇಲೆ, ಭಾರತದಲ್ಲಿ 2003ರ ನವೆಂಬರಿನಿಂದ, 41,000 ಅಡಿಯವರೆಗೂ 1,000 ಅಡಿಯೇ ಸಾಕೆಂದಾಯಿತು. ಒಂದೇ ಎತ್ತರದಲ್ಲಿರುವ ವಿಮಾನಗಳಾದರೆ, ರೇಡಾರ್ ನೋಡಿ ನಡೆಸುವಾಗ, ದೂರದ ದಾರಿಯಲ್ಲಿ 5 ನೌಕಾ ಮೈಲಿ, ನಿಲ್ದಾಣದ ಸಮೀಪದಲ್ಲಿ 3 ನೌಕಾ ಮೈಲಿ ಎಂಬುದು ಬಹುಕಡೆ ನಡೆದುಬಂದ ಲೆಕ್ಕ.

ಐದು ನೌಕಾ ಮೈಲಿ ಎಂದರೆ ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಧಾರವಾಡದ ಕಡೆಯ ಎರಡು ಹಳ್ಳಿಗಳ ನಡುವೆ ಅಷ್ಟು ದೂರವಿದ್ದರೆ ಅದನ್ನು ದೂರವೆನ್ನುತ್ತೇವೆ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾಗಿ ಬರುತ್ತಿದ್ದರೆ ಅದು ಹದಿನೆಂಟು ಸೆಕೆಂಡುಗಳ ದೂರ, ಅಷ್ಟೆ. ಆ ಹದಿನೆಂಟು ಸೆಕೆಂಡುಗಳಲ್ಲಿ ನಿಯಂತ್ರಕನು ಕಾಣಬೇಕು, ಯೋಚಿಸಬೇಕು, ನುಡಿಯಬೇಕು. ಚಾಲಕನು ಕೇಳಬೇಕು, ತಿಳಿಯಬೇಕು, ವಿಮಾನವನ್ನು ತಿರುಗಿಸಬೇಕು. ಹಾಗಾಗಿ ನಿಪುಣ ನಿಯಂತ್ರಕನು ಅಪಾಯವನ್ನು ತಪ್ಪಿಸುವವನಲ್ಲ; ಅಪಾಯವು ಸಮೀಪಿಸದಂತೆ ಹತ್ತು ನಿಮಿಷ ಮೊದಲೇ ಏರ್ಪಾಡು ಮಾಡುವವನು. ಆತನ ದಿನವು ಏನೂ ಸಂಭವಿಸದೆ ಕಳೆದರೆ ಆತನು ಕೆಲಸ ಮಾಡಿದನೆಂದು ಅರ್ಥ.

ಆತನ ಕೈಯಲ್ಲಿರುವ ಸಾಧನಗಳಾವುವು? ರೇಡಾರಿನ ಪರದೆಯುಂಟು, ಪ್ರತಿ ವಿಮಾನದ ವಿವರವನ್ನು ಬರೆದಿಟ್ಟ ಪಟ್ಟಿಗಳುಂಟು, ಈಚಿನ ವರ್ಷಗಳಲ್ಲಿ ಗಣಕಯಂತ್ರದ ಎಚ್ಚರಿಕೆಗಳೂ ಉಂಟು. ಇವೆಲ್ಲ ಕಾಣುವುದಕ್ಕೆ. ಮಾಡಿಸುವುದಕ್ಕೆ ಆತನಿಗೆ ಮುಖ್ಯವಾಗಿ ಇರುವ ಸಾಧನ ಒಂದೇ, ಮಾತು. ಇಲ್ಲಿಯೇ ಈ ವಿದ್ಯೆಯ ಮರ್ಮವಿದೆಯೆಂದು ನನಗೆ ತೋರುತ್ತದೆ. ನಿಯಂತ್ರಕನು ಒಂದು ಆದೇಶವನ್ನು ನುಡಿಯುತ್ತಾನೆ. ಚಾಲಕನು ಅದರ ಮುಖ್ಯಾಂಶಗಳನ್ನು, ವಿಶೇಷವಾಗಿ ಅಂಕಿಗಳನ್ನು, ಮರಳಿ ನುಡಿಯಬೇಕು. ಆ ಮರುನುಡಿಯನ್ನು ನಿಯಂತ್ರಕನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ತಕ್ಷಣ ತಿದ್ದಬೇಕು. ನುಡಿ, ಮರುನುಡಿ, ಮರುನುಡಿಯ ಶ್ರವಣ ಈ ಮೂರೂ ಕೂಡಿದಾಗಲೇ ಒಂದು ಆದೇಶವು ಪೂರ್ಣವಾಗುತ್ತದೆ.

ಮಠದ ಪಾಠಶಾಲೆಯಲ್ಲಿ ಓದಿದ ನನ್ನಂಥವರಿಗೆ ಈ ಪದ್ಧತಿ ಹೊಸದೆನಿಸುವುದಿಲ್ಲ. ಅಮರಕೋಶದ ಒಂದೊಂದೇ ಸಾಲನ್ನು ಗುರುಗಳು ಹೇಳುವರು, ನಾವು ಮರಳಿ ಹೇಳುವೆವು. ಗುರುಗಳು ಕಣ್ಣು ಮುಚ್ಚಿ ಕುಳಿತಿರುವುದನ್ನು ಕಂಡು ನಿದ್ರೆ ಹತ್ತಿರಬೇಕೆಂದು ಯಾವನೋ ಹುಡುಗ ಒಂದು ದೀರ್ಘವನ್ನು ಹ್ರಸ್ವ ಮಾಡಿ ನುಂಗಿದನೋ, ಮುಚ್ಚಿದ ಕಣ್ಣಿನಿಂದಲೇ ಬೆರಳು ಮೇಲೇಳುತ್ತಿತ್ತು. ಹೇಳಿಕೊಡುವುದು ಸುಲಭ, ಹೇಳಿದ್ದನ್ನು ಕೇಳಿಸಿಕೊಳ್ಳುವುದು ಕಷ್ಟ. ಮನುಷ್ಯನ ಕಿವಿಯು ತಾನು ಕೇಳಬಯಸಿದ್ದನ್ನೇ ಕೇಳುತ್ತದೆ. ನೂರು ಸಲ ಸರಿಯಾಗಿ ಬಂದ ಮರುನುಡಿಯು ನೂರೊಂದನೆಯ ಸಲ ತಪ್ಪಾಗಿ ಬಂದರೆ, ದಣಿದ ಕಿವಿಯು ಅದನ್ನು ಸರಿಯೆಂದೇ ಒಳಗೆ ಬಿಟ್ಟುಕೊಳ್ಳುತ್ತದೆ.

1989ರ ಫೆಬ್ರವರಿ 19ರಂದು ಮಲೇಷ್ಯಾದ ಕೌಲಾಲಂಪುರದ ಸಮೀಪ ನಡೆದುದು ಇದೇ. ಸಿಂಗಪುರದಿಂದ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಆದೇಶವಾಯಿತು. ನಿಯಂತ್ರಕರು ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ‘ಡಿಸೆಂಡ್ ಟು ಫೋರ್ ಜೀರೊ ಜೀರೊ’ ಎಂದರು. ಇಂಗ್ಲಿಷಿನಲ್ಲಿ ‘ಟು’ ಎಂಬುದು ಎರಡು ಎಂಬ ಅಂಕಿಯೂ ಹೌದು, ‘ಅಲ್ಲಿಗೆ’ ಎಂಬ ಅರ್ಥದ ಪದವೂ ಹೌದು. ಚಾಲಕರು ಎರಡನೆಯ ಅರ್ಥವನ್ನು ಹಿಡಿದು, 400 ಅಡಿಗೆ ಇಳಿಯಬೇಕೆಂದು ತಿಳಿದರು. ‘ಓಕೆ, ಫೋರ್ ಜೀರೊ ಜೀರೊ’ ಎಂದು ಮರುನುಡಿದರು. ಮರುನುಡಿಯಲ್ಲಿ ಎರಡು ಎಂಬ ಅಂಕಿ ಕಾಣೆಯಾಗಿತ್ತು; ಅದನ್ನು ನೆಲದ ಮೇಲಿನ ಕಿವಿ ಹಿಡಿಯಲಿಲ್ಲ. ನೆಲ ಸಮೀಪಿಸುತ್ತಿದೆಯೆಂದು ವಿಮಾನದ ಯಂತ್ರ ಕೂಗಿದ್ದನ್ನು ಚಾಲಕರೂ ಲೆಕ್ಕಕ್ಕಿಡಲಿಲ್ಲ. ವಿಮಾನವು ಗುಡ್ಡಕ್ಕೆ ಅಪ್ಪಳಿಸಿ ಅದರಲ್ಲಿದ್ದ ನಾಲ್ವರೂ ಮಡಿದರು. ‘ಎರಡು ಸಾವಿರದ ನಾಲ್ಕು ನೂರು ಅಡಿ’ ಎಂದು ಪೂರ್ಣವಾಗಿ ಹೇಳಿದ್ದರೆ ಈ ಭ್ರಮೆಗೆ ಎಡೆಯೇ ಇರುತ್ತಿರಲಿಲ್ಲ.

ಇಂತಹ ಪಾಠಗಳಿಂದ ವಿಮಾನ ಲೋಕವು ತನ್ನದೇ ಒಂದು ನುಡಿಗಟ್ಟನ್ನು ಕಡೆದುಕೊಂಡಿದೆ. ಐದು ಮತ್ತು ಒಂಬತ್ತು ಎಂಬುದಕ್ಕಿರುವ ಇಂಗ್ಲಿಷ್ ಪದಗಳು ರೇಡಿಯೋದಲ್ಲಿ ಒಂದೇ ಬಗೆಯಾಗಿ ಕೇಳಿಸುವುದರಿಂದ ಐದನ್ನು ‘ಫೈಫ್’ ಎಂದೂ ಒಂಬತ್ತನ್ನು ‘ನೈನರ್’ ಎಂದೂ ಉಚ್ಚರಿಸುತ್ತಾರೆ. ‘ರೋಜರ್’ ಎಂದರೆ ತಾವು ಹೇಳಿದ್ದು ನನಗೆ ಕೇಳಿಸಿತು ಎಂದಷ್ಟೇ ಅರ್ಥ. ಒಪ್ಪಿದೆ ಎಂದಾಗಲಿ ಹೌದು ಎಂದಾಗಲಿ ಅಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತ ಬಳಿಕ, ‘ಟೇಕಾಫ್’ ಎಂಬ ಪದವನ್ನು ಹಾರುವ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕೆಂಬ ಕಟ್ಟುನಿಟ್ಟು ಬಂದಿತು. ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು. ವ್ಯಾಕರಣ ಓದಿದವರು ಪರ್ಯಾಯ ಪದಗಳನ್ನು ಸಂಪತ್ತೆಂದು ತಿಳಿಯುತ್ತಾರೆ. ಈ ಕಾಯಕದಲ್ಲಿ ಅವು ಬೇಡದ ಹೊರೆ.

ಈಗ ನಮ್ಮ ದೇಶದ ಘೋರ ದುರಂತಕ್ಕೆ ಬರೋಣ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿ ಸಂಸ್ಥೆಯ ಬೋಯಿಂಗ್ 747 ವಿಮಾನವು ಧಹ್ರಾನಿನತ್ತ ಹೊರಟಿತು. ಕೊಲ್ಲಿ ದೇಶಗಳಲ್ಲಿ ದುಡಿಯಲು ಹೊರಟ ಬಹುಮಂದಿ ಭಾರತೀಯರು ಅದರಲ್ಲಿದ್ದರು. ಅದೇ ಹೊತ್ತಿಗೆ ಕಜಕಸ್ತಾನದ ಇಲ್ಯೂಷಿನ್ ವಿಮಾನವು ದೆಹಲಿಗೆ ಇಳಿದು ಬರುತ್ತಿತ್ತು. ದೆಹಲಿಯ ಆಕಾಶದ ಬಹುಭಾಗ ವಾಯುಪಡೆಗೆ ಮೀಸಲಾಗಿದ್ದುದರಿಂದ ಅಂದು ಬರುವ ಹೋಗುವ ವಿಮಾನಗಳಿಗೆ ಒಂದೇ ಓಣಿ. ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿಯಲ್ಲಿ ನಿಲ್ಲಲು, ಇಳಿಯುತ್ತಿದ್ದ ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ನಿಯಂತ್ರಕರು ಆದೇಶಿಸಿದರು. ನಡುವೆ ನಿಯಮದ 1,000 ಅಡಿ ಇತ್ತು. ಎದುರಿನಿಂದ ಸೌದಿ ವಿಮಾನ ಬರುತ್ತಿದೆ, ಕಂಡರೆ ತಿಳಿಸಿ ಎಂದು ಕಜಕ್ ವಿಮಾನಕ್ಕೆ ಎಚ್ಚರಿಕೆಯನ್ನೂ ಕೊಟ್ಟರು. ಅದರ ದೂರವನ್ನೂ ಎತ್ತರವನ್ನೂ ತಿಳಿಸಿದರು.

ಇಷ್ಟಾದರೂ ಕಜಕ್ ವಿಮಾನವು 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾದ ಪ್ರಸಂಗಗಳಲ್ಲಿ ಇದಕ್ಕಿಂತ ಹೆಚ್ಚು ಜೀವಹಾನಿಯಾದುದು ಇಂದಿಗೂ ಬೇರೊಂದಿಲ್ಲ. ನ್ಯಾಯಮೂರ್ತಿ ಆರ್. ಸಿ. ಲಾಹೋಟಿಯವರ ಆಯೋಗವು ತನಿಖೆ ನಡೆಸಿ, ಕಜಕ್ ವಿಮಾನವು ಅಪ್ಪಣೆಯಿಲ್ಲದೆ ಇಳಿದುದೇ ಮೂಲ ಕಾರಣವೆಂದಿತು. ಅದರ ಹಿಂದೆ ಆ ಸಿಬ್ಬಂದಿಗೆ ಇಂಗ್ಲಿಷಿನ ತಿಳಿವಳಿಕೆ ಸಾಲದೆ ಇದ್ದುದನ್ನೂ, ಅವರೊಳಗಿನ ಹೊಂದಾಣಿಕೆಯ ಕೊರತೆಯನ್ನೂ ಎತ್ತಿತೋರಿಸಿತು. ಆ ವಿಮಾನದಲ್ಲಿ ನೆಲದವರೊಡನೆ ಮಾತನಾಡುತ್ತಿದ್ದವನು ಚಾಲಕನಲ್ಲ, ಹಿಂದೆ ಕುಳಿತಿದ್ದ ರೇಡಿಯೋ ನಿರ್ವಾಹಕ. ಎತ್ತರವನ್ನು ತೋರಿಸುವ ಯಂತ್ರ ಆತನ ಮುಂದೆ ಇರಲಿಲ್ಲ. ಯಂತ್ರ ಯಾರ ಕಣ್ಣ ಮುಂದಿತ್ತೋ ಅವರು ಮಾತನ್ನು ಆತನ ಬಾಯಿಂದಲೇ ಪಡೆಯಬೇಕಿತ್ತು. ಸೋವಿಯತ್ ಪದ್ಧತಿಯಲ್ಲಿ ಎತ್ತರವನ್ನು ಮೀಟರುಗಳಲ್ಲಿ ಎಣಿಸಿ ಬೆಳೆದವರಿಗೆ ಅಡಿಗಳ ಲೆಕ್ಕ ಬೇರೆ. ಎದುರಿನ ವಿಮಾನದ ಎತ್ತರವೆಂದು ಹೇಳಿದ ಅಂಕಿಯನ್ನು ತಮಗಿತ್ತ ಅಪ್ಪಣೆಯೆಂದೇ ಅವರು ತಿಳಿದಿರಬಹುದು ಎಂಬ ಅಭಿಪ್ರಾಯವೂ ಉಂಟು.

ನಿಯಂತ್ರಕರಿಗೆ ಇದು ಕಾಣಲಿಲ್ಲವೇ ಎಂದು ಕೇಳಬಹುದು. ಅಂದು ದೆಹಲಿಯಲ್ಲಿ ಬಳಕೆಯಲ್ಲಿದ್ದ ರೇಡಾರ್ ವಿಮಾನ ಎಲ್ಲಿದೆಯೆಂಬುದನ್ನು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆಯೆಂಬುದನ್ನಲ್ಲ. ಎತ್ತರಕ್ಕೆ ಆತನು ನಂಬಬೇಕಾದುದು ಚಾಲಕರ ನುಡಿಯನ್ನೇ. ಎತ್ತರವನ್ನೂ ತೋರಿಸುವ ಹೊಸ ರೇಡಾರ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ದುರಂತದ ಬಳಿಕ ಅದು ಬಂದಿತು. ಬರುವ ಹೋಗುವ ದಾರಿಗಳು ಬೇರೆಯಾದವು. ಒಂದು ವಿಮಾನವು ಇನ್ನೊಂದನ್ನು ತಾನೇ ಗುರುತಿಸಿ ‘ಏರು’, ‘ಇಳಿ’ ಎಂದು ಚಾಲಕನಿಗೆ ಸೂಚಿಸುವ ಟಿ.ಸಿ.ಎ.ಎಸ್. ಎಂಬ ಯಂತ್ರವನ್ನು ಭಾರತದಲ್ಲಿ ಕಡ್ಡಾಯಗೊಳಿಸಲಾಯಿತು. 349 ಮಂದಿ ಸತ್ತ ಮೇಲೆ ಮಾಡಿದ ಏರ್ಪಾಡನ್ನು ಅದಕ್ಕೆ ಮೊದಲೇ ಮಾಡಬಹುದಿತ್ತೆಂಬ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿದೆ.

ಚರ್ಖಿ ದಾದ್ರಿಯಂತಹ ಘಟನೆಗಳ ಫಲವಾಗಿಯೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2003ರಲ್ಲಿ ಚಾಲಕರಿಗೂ ನಿಯಂತ್ರಕರಿಗೂ ಭಾಷಾ ಪರೀಕ್ಷೆಯ ನಿಯಮವನ್ನು ಅಂಗೀಕರಿಸಿತು. 2008ರ ಮಾರ್ಚಿನಿಂದ ಅದು ಜಾರಿಯಾಗಬೇಕಿತ್ತು. ಸಿದ್ಧರಿಲ್ಲದ ದೇಶಗಳಿಗೆ ಇನ್ನೂ ಮೂರು ವರ್ಷ ಅವಕಾಶ ದೊರೆಯಿತು. ಉಚ್ಚಾರ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂದು ಆರು ಅಂಗಗಳು, ಆರು ಮೆಟ್ಟಿಲುಗಳು. ಕೆಲಸ ಮಾಡಲು ಕನಿಷ್ಠ ನಾಲ್ಕನೆಯ ಮೆಟ್ಟಿಲು ಬೇಕು. ಇದರಲ್ಲಿ ನನಗೆ ಮೆಚ್ಚುಗೆಯಾದ ನಿಯಮವೊಂದುಂಟು. ಆರು ಅಂಗಗಳ ಸರಾಸರಿಯನ್ನು ತೆಗೆಯುವುದಿಲ್ಲ; ಎಲ್ಲಕ್ಕಿಂತ ಕಡಿಮೆ ಬಂದುದೇ ಆತನ ಮಟ್ಟ. ಪದಸಂಪತ್ತಿನಲ್ಲಿ ಪಂಡಿತನಾಗಿದ್ದು ಗ್ರಹಿಕೆಯಲ್ಲಿ ಮೂರಾದರೆ ಆತನು ಮೂರೇ. ನಾಲ್ಕನೆಯ ಮಟ್ಟದವನು ಮೂರು ವರ್ಷಕ್ಕೊಮ್ಮೆ, ಐದನೆಯವನು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕು.

ಹಾವೇರಿಯ ಕಡೆಯ ಓದುಗ ಬಂಧುಗಳೊಬ್ಬರು, ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ. ಮುಗಿಸಿದ ತಮ್ಮ ಮಗಳು ಈ ಹುದ್ದೆಗೆ ಪ್ರಯತ್ನಿಸಬೇಕೆಂದಿರುವಳು, ಇಂಗ್ಲಿಷಿನ ಭಯವಿದೆ, ತಮ್ಮ ಅಭಿಪ್ರಾಯವೇನು ಎಂದು ಕೇಳಿ ಬರೆದಿದ್ದಾರೆ. ಈ ಅಂಕಣವನ್ನು ಬರೆಯಲು ಪ್ರೇರಣೆಯೂ ಅವರ ಪತ್ರವೇ. ಅವರಿಗೆ ನನ್ನ ಉತ್ತರ ಇದು. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಈ ಹುದ್ದೆಗೆ ಕೇಳುವುದು ಗಣಿತ ಮತ್ತು ಭೌತಶಾಸ್ತ್ರವಿರುವ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಪದವಿ. ಮಾತಿನಲ್ಲೂ ಬರಹದಲ್ಲೂ ಪಿ.ಯು.ಸಿ. ಮಟ್ಟದ ಇಂಗ್ಲಿಷ್. ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ, ವೈದ್ಯಕೀಯ ತಪಾಸಣೆಗಳಿರುತ್ತವೆ. ಬಳಿಕ ತರಬೇತಿ, ಅಲಹಾಬಾದಿನಲ್ಲಿ (ಈಗಿನ ಪ್ರಯಾಗರಾಜ್) 1948ರಲ್ಲಿ ಆರಂಭವಾದ ಕೇಂದ್ರವೇ ಇದಕ್ಕೆ ಹಳೆಯ ಗುರುಕುಲ. ಅಲ್ಲಿ ತೇರ್ಗಡೆಯಾದೊಡನೆ ಕುರ್ಚಿ ಸಿಗುವುದಿಲ್ಲ. ಯಾವ ನಿಲ್ದಾಣಕ್ಕೆ ನೇಮಕವಾಗುವುದೋ ಅಲ್ಲಿಯ ದಾರಿಗಳು, ಗುಡ್ಡಗಳು, ಗಾಳಿ, ನಿಯಮಗಳೆಲ್ಲವನ್ನೂ ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿತು, ಆ ಸ್ಥಳದ ಅರ್ಹತೆಯನ್ನು ಪಡೆಯಬೇಕು. ಮಂಗಳೂರಿನಲ್ಲಿ ಹತ್ತು ವರ್ಷ ದುಡಿದವನಾದರೂ ಬೆಂಗಳೂರಿಗೆ ವರ್ಗವಾದರೆ ಅಲ್ಲಿ ಮತ್ತೆ ಶಿಷ್ಯನೇ.

ಇಂಗ್ಲಿಷಿನ ಭಯದ ವಿಷಯ. ಅಲ್ಲಿ ಬೇಕಾದುದು ಷೇಕ್ಸ್‌ಪಿಯರನ ಇಂಗ್ಲಿಷ್ ಅಲ್ಲ. ಕೆಲವು ನೂರು ಪದಗಳನ್ನು ತಪ್ಪಿಲ್ಲದೆ, ಅವಸರವಿಲ್ಲದೆ, ಎಲ್ಲರಿಗೂ ತಿಳಿಯುವಂತೆ ನುಡಿಯುವ ಶಿಸ್ತು; ಜೊತೆಗೆ, ಅನಿರೀಕ್ಷಿತವಾದುದು ಒದಗಿದಾಗ ಆ ಪದಗಳಾಚೆಗೂ ಸರಳವಾಗಿ ಮಾತನಾಡಬಲ್ಲ ಧೈರ್ಯ. ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರೇ ವೇಗವಾಗಿ, ಅರ್ಧ ನುಂಗಿ ಮಾತನಾಡಿ ಇತರರಿಗೆ ಕಷ್ಟ ಕೊಡುವುದುಂಟು. ಕಲಿತು ನುಡಿಯುವವರಿಗೆ ತಾವು ಕಲಿತವರೆಂಬ ಎಚ್ಚರವಿರುತ್ತದೆ. ಮಗಳನ್ನು ಕಳುಹಿಸಿರಿ. ಪಾಳಿಯ ಕೆಲಸವೆಂದು, ರಾತ್ರಿ ದುಡಿಯಬೇಕೆಂದು ಬಂಧುಗಳು ಆಡುವ ಮಾತಿಗೆ ಕಿವಿಗೊಡಬೇಡಿರಿ.

ಮಾತೃಭಾಷೆಯ ಅಭಿಮಾನಿಗಳು, ಅವರಲ್ಲಿ ನಾನೂ ಒಬ್ಬ, ಆಕಾಶದಲ್ಲೇಕೆ ಇಂಗ್ಲಿಷ್ ಎಂದು ಕೇಳುವುದುಂಟು. ನಿಯಮವು ಸ್ಥಳೀಯ ಭಾಷೆಯನ್ನು ನಿಷೇಧಿಸಿಲ್ಲ. ಎಷ್ಟೋ ದೇಶಗಳಲ್ಲಿ ನೆಲದವರೂ ಚಾಲಕರೂ ತಮ್ಮ ನುಡಿಯಲ್ಲೇ ಮಾತನಾಡಿಕೊಳ್ಳುತ್ತಾರೆ. ಆದರೆ ಒಂದೇ ರೇಡಿಯೋ ಅಲೆಯಲ್ಲಿ ಮೂರನೆಯವನ ಕಿವಿಯೂ ಇರುತ್ತದೆ. 1976ರ ಸೆಪ್ಟೆಂಬರ್ 10ರಂದು ಅಂದಿನ ಯುಗೊಸ್ಲಾವಿಯದ ಜಾಗ್ರೆಬ್ ಆಕಾಶದಲ್ಲಿ ಬ್ರಿಟಿಷ್ ವಿಮಾನವೊಂದು 33,000 ಅಡಿಯಲ್ಲಿ ಹೋಗುತ್ತಿತ್ತು. ಆ ದೇಶದ್ದೇ ಆದ ಡಿಸಿ-9 ವಿಮಾನವೊಂದು ಅದೇ ಎತ್ತರವನ್ನು ಹಾಯ್ದು ಮೇಲೇರುತ್ತಿತ್ತು. ನಿಯಂತ್ರಕನ ಜೊತೆಗಾರ ಬದಲಿಯವನನ್ನು ಹುಡುಕಲು ಎದ್ದು ಹೋಗಿದ್ದರಿಂದ ಇಬ್ಬರ ಹೊರೆ ಒಬ್ಬನ ಮೇಲೆ ಬಿದ್ದಿತ್ತು. ಅಪಾಯವನ್ನು ಕಂಡ ಕ್ಷಣದಲ್ಲಿ ಆತನ ಬಾಯಿಂದ ಹೊರಟದ್ದು ಇಂಗ್ಲಿಷ್ ಅಲ್ಲ, ತನ್ನ ತಾಯ್ನುಡಿ. ಏರುತ್ತಿದ್ದ ವಿಮಾನಕ್ಕೆ ನಿಲ್ಲಲು ಹೇಳಿದನು. ಅದು ನಿಂತಿತು, ನಿಂತದ್ದು ಸರಿಯಾಗಿ 33,000 ಅಡಿಯಲ್ಲಿ. ಆ ಮಾತು ಬ್ರಿಟಿಷ್ ಚಾಲಕರಿಗೆ ಅರ್ಥವಾಗುವಂತಿರಲಿಲ್ಲ. 176 ಮಂದಿ ಸತ್ತರು. ಸಂಕಟದಲ್ಲಿ ತಾಯ್ನುಡಿ ಬರುವುದು ಸಹಜ; ಆತನನ್ನು ದೂರಲು ನನಗೆ ಮನಸ್ಸು ಬಾರದು. ನ್ಯಾಯಾಲಯ ಆತನೊಬ್ಬನಿಗೇ ಏಳು ವರ್ಷ ಸೆರೆ ವಿಧಿಸಿತು. ಸಹೋದ್ಯೋಗಿಗಳು ಮನವಿ ಸಲ್ಲಿಸಿದ ಬಳಿಕ 1978ರಲ್ಲಿ ಬಿಡುಗಡೆಯಾಯಿತು.

ಒಬ್ಬನೇ ಕುಳಿತವನ ಕತೆ ಅಲ್ಲಿಗೇ ಮುಗಿಯಲಿಲ್ಲ. 2002ರ ಜುಲೈ 1ರ ರಾತ್ರಿ ಸ್ವಿಟ್ಜರ್ಲೆಂಡಿನ ಜೂರಿಕ್ ಕೇಂದ್ರದಲ್ಲಿ ಒಬ್ಬ ನಿಯಂತ್ರಕನು ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದನು. ದುರಸ್ತಿಯ ಕೆಲಸದಿಂದಾಗಿ ಎಚ್ಚರಿಕೆಯ ಗಣಕವೂ ಮುಖ್ಯ ದೂರವಾಣಿಯೂ ಸರಿಯಾಗಿರಲಿಲ್ಲ. ಅಪಾಯವನ್ನು ಕಂಡ ನೆರೆಯ ಕೇಂದ್ರದವರು ಕರೆ ಮಾಡಿದರೂ ತಲುಪಲಿಲ್ಲ. ಜರ್ಮನಿಯ ಊಬರ್‌ಲಿಂಗನ್ ಮೇಲೆ ರಷ್ಯದ ವಿಮಾನವೂ ಒಂದು ಸರಕು ವಿಮಾನವೂ ಡಿಕ್ಕಿಯಾಗಿ 71 ಮಂದಿ ಸತ್ತರು, ಬಹುಪಾಲು ಮಕ್ಕಳು. ವಿಮಾನದ ಯಂತ್ರ ಏರೆಂದಿತು, ನೆಲದ ಧ್ವನಿ ಇಳಿ ಎಂದಿತು, ರಷ್ಯದ ಚಾಲಕರು ಧ್ವನಿಯನ್ನು ನಂಬಿ ಇಳಿದರು. ಇಂತಹ ಸಂದರ್ಭದಲ್ಲಿ ಯಂತ್ರದ ಸೂಚನೆಯನ್ನೇ ಅನುಸರಿಸಬೇಕೆಂಬುದು ಆಮೇಲೆ ನಿಸ್ಸಂದಿಗ್ಧವಾದ ನಿಯಮವಾಯಿತು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ 2004ರಲ್ಲಿ ಆ ನಿಯಂತ್ರಕನ ಮನೆಗೇ ಹೋಗಿ ಅವನನ್ನು ಇರಿದು ಕೊಂದನು. 2007ರಲ್ಲಿ ಸ್ವಿಸ್ ನ್ಯಾಯಾಲಯವು ಆ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ನಿಪುಣತೆಯನ್ನು ಒಬ್ಬನ ತಲೆಯೊಳಗೆ ಮಾತ್ರ ಹುಡುಕುವವರು ಆತನ ಪಕ್ಕದ ಖಾಲಿ ಕುರ್ಚಿಯನ್ನೂ ನೋಡಬೇಕು.

ನಮ್ಮ ಬೆಂಗಳೂರಿನದೇ ಒಂದು ಪ್ರಸಂಗವಿದೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಉತ್ತರ, ದಕ್ಷಿಣ ಎಂದು ಎರಡು ರನ್‌ವೇಗಳಿವೆ. 2022ರ ಜನವರಿಯ ಒಂದು ಮುಂಜಾನೆ ಉತ್ತರದಿಂದ ಹಾರುವುದು, ದಕ್ಷಿಣದಲ್ಲಿ ಇಳಿಯುವುದು ಎಂದು ನಡೆಯುತ್ತಿತ್ತು. ಬಳಿಕ ದಕ್ಷಿಣವನ್ನು ಮುಚ್ಚಿ ಎಲ್ಲವನ್ನೂ ಉತ್ತರದಲ್ಲೇ ನಡೆಸುವ ತೀರ್ಮಾನವಾಯಿತು. ಆ ತೀರ್ಮಾನವು ದಕ್ಷಿಣದ ನಿಯಂತ್ರಕರಿಗೆ ತಲುಪಲಿಲ್ಲ. ಅವರು ಭುವನೇಶ್ವರ, ಕೊಲ್ಕತ್ತಗಳಿಗೆ ಹೊರಟಿದ್ದ ಎರಡು ವಿಮಾನಗಳಲ್ಲಿ ಒಂದಕ್ಕೆ ಅಪ್ಪಣೆ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಇನ್ನೊಂದಕ್ಕೆ ಕೊಟ್ಟರು. ನಾಲ್ಕು ನೂರಕ್ಕೂ ಹೆಚ್ಚು ಜೀವಗಳನ್ನು ಹೊತ್ತ ಎರಡು ವಿಮಾನಗಳು ಏಕಕಾಲಕ್ಕೆ ಮೇಲೆದ್ದು ಒಂದರತ್ತ ಒಂದು ವಾಲತೊಡಗಿದವು. ಎರಡು ಅಪ್ಪಣೆಗಳೂ ಸರಿಯಾದ ಪದಗಳಲ್ಲೇ ಇದ್ದವು, ಮರುನುಡಿಗಳೂ ಬಂದವು. ಕಾಣೆಯಾಗಿದ್ದುದು ಒಂದೇ ಸೂರಿನ ಕೆಳಗೆ ದುಡಿಯುವವರ ನಡುವಣ ಒಂದು ಮಾತು.

ಅಂದು ರೇಡಾರಿನ ಮುಂದಿದ್ದ ಮತ್ತೊಬ್ಬ ನಿಯಂತ್ರಕರು ಎರಡು ಚುಕ್ಕೆಗಳು ಕೂಡುತ್ತಿರುವುದನ್ನು ಕಂಡು, ಎರಡೂ ವಿಮಾನಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಪ್ರಯಾಣಿಕರಿಗೆ ಏನೂ ತಿಳಿಯಲಿಲ್ಲ. ಈ ಘಟನೆಯನ್ನು ದಿನಚರಿಯ ಪುಸ್ತಕದಲ್ಲಿ ಬರೆದೇ ಇರಲಿಲ್ಲವೆಂದು ವಿಮಾನಯಾನ ಅಧಿಕಾರಿಗಳು ಹೇಳಿದುದು ಪತ್ರಿಕೆಗಳಲ್ಲಿ ವರದಿಯಾಯಿತು, ತನಿಖೆಯೂ ಆರಂಭವಾಯಿತು. ಅಷ್ಟರಲ್ಲಿ ಆ ಪ್ರಯಾಣಿಕರು ಊರು ಸೇರಿ ಹಲವು ದಿನಗಳಾಗಿದ್ದವು.